ಖಾಲಿ ಹೋಗಬಾರದ ಗಾಡಿ

ತಾಯಲೂರಿನಲ್ಲಿ ಶಾಂತಿವಾಹನವನ್ನು ಯಾರೂ ಸುಮ್ಮಸುಮ್ಮನೆ ಸ್ಟಾರ್ಟ್ ಮಾಡುವುದಿಲ್ಲ. ಹೆಣ ಸಾಗಿಸುವ ಗಾಡಿ ಕಾರಣವಿಲ್ಲದೆ ಸದ್ದು ಮಾಡಿದರೆ ಕಾರಣ ತಾನಾಗಿಯೇ ಹುಡುಕಿಕೊಂಡು ಬರುತ್ತದೆ ಎಂಬುದು ಊರಿನ ಮಾತು. ಹಾಗಾಗಿ ಆ ದಿನ ಬೆಳಿಗ್ಗೆ, ಪಂಚಾಯಿತಿ ಕಟ್ಟಡದ ಪಕ್ಕದ ಹೊಂಗೆಮರದ ಕೆಳಗೆ ಒಂದು ವರ್ಷದಿಂದ ನಿಂತೇ ಇದ್ದ ಆ ಹಳೆಯ ಮಿನಿ ಲಾರಿ ಕೆಮ್ಮಿ, ಮತ್ತೆ ಕೆಮ್ಮಿ, ಬಿಳಿ ಹೊಗೆ ಕಾರುತ್ತ ಎದ್ದಾಗ ಬೀದಿಯ ಬಾಗಿಲುಗಳಲ್ಲೆಲ್ಲ ಹೆಂಗಸರು ಕಾಣಿಸಿಕೊಂಡರು.

"ಯಾರಣ್ಣಾ ಗಂಗುಲಪ್ಪಾ? ಯಾರು ಹೋಗ್ಬಿಟ್ರು?"

"ಯಾರೂ ಇಲ್ಲ ಕಣ್ರಮ್ಮ, ರಿಪೇರಿ ನಡೀತೈತೆ. ನೀವು ಒಲೆ ಮೇಲಿನ ಸಾರು ನೋಡ್ಕೊಳ್ರಿ."

ಗಂಗುಲಪ್ಪ ಆ ಗಾಡಿಯ ಬೀಗದ ಕೈ ಇಟ್ಟುಕೊಂಡವನು. ಊರಿನಲ್ಲಿ ಯಾರು ಸತ್ತರೂ ಗುಂಡಿ ತೋಡಿಸುವುದರಿಂದ ಹಿಡಿದು ಹಾಲುತುಪ್ಪ ಬಿಡಿಸುವ ತನಕ ಮುಂದೆ ನಿಲ್ಲುವ ಹಿರಿಯ. ಹೆಂಗಸರಿಗೆ ಹಾಗೆ ಹೇಳಿದನೇ ಹೊರತು ಅವನಿಗೂ ಒಳಗೊಳಗೆ ಅಳುಕಿತ್ತು. ಇಂಜಿನ್ ನಡುಗುವ ರೀತಿಗೆ ಇಡೀ ಗಾಡಿ ಚಳಿಜ್ವರ ಬಂದವರಂತೆ ಅಲ್ಲಾಡುತ್ತಿತ್ತು.

"ಆರ್ಸ್ಬಿಡ್ಲಾ ಮುರಳಿ. ಸಾಕು."

ಬಾನೆಟ್ಟಿನೊಳಗೆ ತಲೆ ಹಾಕಿದ್ದ ಮುರಳಿಮೋಹನ್ ಇನ್ನೂ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ ಆಮೇಲೆ ಆರಿಸಿದ. ಅವನು ಕೋಲಾರದಲ್ಲಿ ಹಗಲು ಗ್ಯಾರೇಜಿನಲ್ಲಿ ದುಡಿದು, ಸಂಜೆ ತರಗತಿಗೆ ಹೋಗಿ ಡೀಸೆಲ್ ಮೆಕ್ಯಾನಿಕ್ ಓದಿದವನು. ಈಗ ಊರಿನಲ್ಲೇ ರಸ್ತೆ ಬದಿಗೆ ಒಂದು ಶೆಡ್ ಹಾಕಿಕೊಂಡಿದ್ದ. ಕೆಲಸ ಚೆನ್ನಾಗಿಯೇ ಬರುತ್ತಿತ್ತು. ಆದರೂ ಹಗಲು ಓದಿದವರಿಗೆ ಹೇಳಿಕೊಟ್ಟ ಯಾವುದೋ ಒಂದು ಪಾಠ ಸಂಜೆಯವರಾದ ತಮಗೆ ತಪ್ಪಿಹೋಗಿದೆ, ಅದೊಂದು ಗೊತ್ತಿಲ್ಲದೆಯೇ ತಾನು ಜನರ ಗಾಡಿಗಳಿಗೆ ಕೈ ಹಾಕುತ್ತಿದ್ದೇನೆ ಎಂಬ ಅನುಮಾನ ಅವನನ್ನು ಬಿಟ್ಟಿರಲಿಲ್ಲ. ಒಂದು ಬೋಲ್ಟ್ ಬಿಗಿ ಮಾಡಿ ಮನೆಗೆ ಹೋದವನು ಊಟದ ನಡುವೆ ಎದ್ದು ಬಂದು ಮತ್ತೆ ಅದನ್ನೇ ಮುಟ್ಟಿ ನೋಡುತ್ತಿದ್ದ. "ನಿಮ್ಮ ಕೈಗೆ ಸಿಕ್ಕ ನಟ್ಟಿಗೆ ನಾಚಿಕೆ ಆಗ್ಬೇಕು, ಅಷ್ಟು ಸಲ ಮುಟ್ತೀರ," ಎಂದು ಹೆಂಡತಿ ರಮ್ಯ ಹಾಸ್ಯ ಮಾಡುತ್ತಿದ್ದಳು.

ಈ ಗಾಡಿಯ ವಿಷಯದಲ್ಲಂತೂ ಅವನ ಆತಂಕಕ್ಕೆ ಬೇರೆಯೇ ಕಾರಣವಿತ್ತು. ಅವನ ತಾಯಿ ಆಂಜಿನಮ್ಮನ ಎರಡೂ ಮೂತ್ರಪಿಂಡಗಳು ಸೋತಿದ್ದವು. ಕೋಲಾರದ ಆಸ್ಪತ್ರೆಯವರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಕಳಿಸಿದ್ದರು. ಆಂಜಿನಮ್ಮನಿಗೆ ಇದ್ದದ್ದು ಒಂದೇ ಆಸೆ. ಗಂಡನನ್ನು ಮಣ್ಣು ಮಾಡಿದ್ದು ಶ್ರೀನಿವಾಸಪುರದ ಹತ್ತಿರ, ಅವನು ಕಾವಲಿದ್ದ ಮಾವಿನ ತೋಪಿನ ಅಂಚಿನಲ್ಲಿ. ಅವನು ಹೋದ ಮೇಲೆ ಮಗನನ್ನು ಎತ್ತಿಕೊಂಡು ತವರಾದ ತಾಯಲೂರಿಗೆ ಬಂದವಳು, ಸತ್ತ ಮೇಲಾದರೂ ಅವನ ಮಗ್ಗುಲಿಗೆ ಹೋಗಬೇಕು ಎನ್ನುತ್ತಿದ್ದಳು. ಅಷ್ಟು ದೂರ ಹೆಗಲ ಮೇಲೆ ಹೊತ್ತು ಹೋಗುವುದು ಆಗದ ಮಾತು. ಹೋಗಬೇಕಾದರೆ ಈ ಗಾಡಿಯಲ್ಲೇ ಹೋಗಬೇಕು.

ಈ ಗಾಡಿ ದಾರಿಯಲ್ಲಿ ಕೈಕೊಟ್ಟದ್ದನ್ನು ಊರು ಮರೆತಿರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ಚನ್ನರಾಯಪ್ಪನ ಹೆಂಡತಿ ತುಳಸಮ್ಮ ಕೋಲಾರದಲ್ಲಿ ತೀರಿಕೊಂಡಳು. ಹೆಣ ತರುವಾಗ ಮುಳಬಾಗಿಲು ದಾಟಿದ ಮೇಲೆ ಇಂಜಿನ್ ಮುಗ್ಗರಿಸಿ ನಿಂತುಬಿಟ್ಟಿತು. ನೆತ್ತಿ ಸುಡುವ ಬಿಸಿಲು, ಸುತ್ತ ಒಂದು ಮರದ ನೆರಳಿಲ್ಲ. ಐಸ್ ಕರಗಿ ಹಿಂಬಾಗಿಲಿನಿಂದ ನೀರು ರಸ್ತೆಗೆ ಹರಿಯುತ್ತಿದ್ದರೆ, ಚನ್ನರಾಯಪ್ಪ ಒಳಗೆ ಕೂತು ಟವೆಲ್ಲಿನಿಂದ ಹೆಂಡತಿಯ ಮುಖದ ಮೇಲಿನ ನೊಣ ಓಡಿಸುತ್ತಿದ್ದ. ಕೊನೆಗೆ ಯಾರದೋ ಟ್ರ್ಯಾಕ್ಟರ್ ಬಂದು ಹಗ್ಗ ಕಟ್ಟಿ ಎಳೆದುಕೊಂಡು ಬಂತು. ಮುಖ ತೋರಿಸುವ ಸ್ಥಿತಿಯಿಲ್ಲದೆ ಮುಚ್ಚಿದಂತೆಯೇ ಊರ ಕೆರೆ ಕೆಳಗಿನ ಸ್ಮಶಾನದಲ್ಲಿ ಮಣ್ಣು ಮಾಡಿದರು. ತುಳಸಮ್ಮ ಆಂಜಿನಮ್ಮನ ಜೀವದ ಗೆಳತಿ. ಇಬ್ಬರೂ ಒಂದೇ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸಿ ಬದುಕು ಸವೆಸಿದವರು. ಆ ದಿನದಿಂದ ಗಾಡಿಯನ್ನು ಯಾರೂ ಮುಟ್ಟಿರಲಿಲ್ಲ.

ಮುರಳಿ ಗಂಗುಲಪ್ಪನ ಬಳಿ ಬೀಗದ ಕೈ ಕೇಳಿದಾಗ ಯಾರಿಗಾಗಿ ಎಂದು ಹೇಳಿರಲಿಲ್ಲ. ಗಂಗುಲಪ್ಪನೂ ಕೇಳಿರಲಿಲ್ಲ. ತಾಯಿ ಇನ್ನೂ ಉಸಿರಾಡುತ್ತಿರುವಾಗಲೇ ಅವಳ ಹೆಣದ ಗಾಡಿ ಸರಿ ಮಾಡುವ ಮಗ ಎಂಥವನು ಎಂದು ಸ್ಪ್ಯಾನರ್ ಹಿಡಿದಾಗೆಲ್ಲ ಅವನಿಗೇ ಅನ್ನಿಸುತ್ತಿತ್ತು. ಮಾಡದೆ ಬಿಟ್ಟರೆ ಬಿಸಿಲಿನ ರಸ್ತೆ ಕಣ್ಣ ಮುಂದೆ ಬರುತ್ತಿತ್ತು.

ಒಮ್ಮೆಗೆ ಒಂದನ್ನೇ ಬದಲಿಸು, ಬದಲಿಸಿದ ಮೇಲೆ ಕೇಳು ಎಂದು ಸಂಜೆ ತರಗತಿಯ ಮೇಷ್ಟ್ರು ಹೇಳಿದ್ದರು. ಅವನು ಹಾಗೇ ಮಾಡಿದ. ಮೊದಲು ಟ್ಯಾಂಕಿನ ಹಳೆಯ ಡೀಸೆಲ್ ಇಳಿಸಿದ. ಬಣ್ಣ ತಿರುಗಿ ಹಳೇ ಪೇಂಟಿನ ಹಾಗೆ ನಾರುತ್ತಿತ್ತು, ತಳದಲ್ಲಿ ನೀರು, ನೀರಿನ ಮೇಲೆ ಕಪ್ಪು ಲೋಳೆ. ಅರ್ಧ ತುಂಬಿದ ಟ್ಯಾಂಕು ವರ್ಷಗಟ್ಟಲೆ ನಿಂತರೆ ಒಳಗೇ ಬೆವರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಟ್ಯಾಂಕ್ ತೊಳೆದು ಹೊಸ ಡೀಸೆಲ್ ಹಾಕಿದ. ಟ್ಯಾಂಕಿನ ಮುಚ್ಚಳದ ಮೇಲೆ ಅರಿಶಿನ, ವಿಭೂತಿ ಪದರ ಪದರವಾಗಿ ಒಣಗಿ ಹಕ್ಕಳೆಗಟ್ಟಿತ್ತು. ದೇವರ ಗುರುತು, ಹೆರೆಯಲು ಮನಸ್ಸಾಗದೆ ಸುತ್ತಲಿನ ಧೂಳನ್ನಷ್ಟೇ ಒರೆಸಿ ಮುಚ್ಚಿದ. ಫಿಲ್ಟರ್ ಬದಲಿಸಿದ, ಪೈಪುಗಳೊಳಗಿನ ಗಾಳಿ ತೆಗೆದ. ಸ್ಟಾರ್ಟ್ ಬೇಗ ಆಯಿತು. ನಡುಕ ಮಾತ್ರ ಹೋಗಲಿಲ್ಲ.

ಆಮೇಲೆ ಇಂಜಿನ್ ಓಡುತ್ತಿರುವಂತೆಯೇ ಒಂದೊಂದೇ ಸಿಲಿಂಡರಿನ ಡೀಸೆಲ್ ಪೈಪಿನ ನಟ್ಟು ಸಡಿಲಿಸಿ ನೋಡಿದ. ಕೆಲಸ ಮಾಡುತ್ತಿರುವ ಸಿಲಿಂಡರಿನದು ಸಡಿಲಿಸಿದರೆ ಇಂಜಿನ್ ಇನ್ನಷ್ಟು ಕುಸಿಯಬೇಕು. ಮೂರನೆಯದನ್ನು ಸಡಿಲಿಸಿದಾಗ ಸದ್ದಿನಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಅದು ಮೊದಲೇ ಸತ್ತಿತ್ತು. ಅದಕ್ಕೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿಕೊಂಡು, ಅಂಥವನ್ನು ರಿಪೇರಿ ಮಾಡುವ ಮುಳಬಾಗಿಲಿನ ಅಮ್ಜದನ ಅಂಗಡಿಗೆ ಹೋದ.

ಅಮ್ಜದ್ ಅದನ್ನು ಮೆಷಿನ್ನಿಗೆ ಹಾಕಿ ಒತ್ತಿದ. ಮಂಜಿನಂತೆ ಚಿಮ್ಮಬೇಕಾದ ಡೀಸೆಲ್ ಮೂಗು ಸೋರಿದಂತೆ ತೊಟ್ಟಿಕ್ಕಿತು.

"ಸೂಜಿ ತುಕ್ಕು ಹಿಡ್ದು ಕೂತ್ಬಿಟ್ಟೈತೆ ಭಾಯ್. ಯಾವ ಗಾಡೀದು?"

"ನಮ್ಮೂರ ಶಾಂತಿವಾಹನದ್ದು."

"ಯಾ ಅಲ್ಲಾ! ಮಯ್ಯತ್ ಗಾಡೀದಾ? ಮೊದ್ಲೇ ಹೇಳ್ಬಾರ್ದಾ, ಚಾ ಕುಡ್ದು ಮುಟ್ತಿದ್ದೆ." ನಗುತ್ತ ಅದರ ಮೂತಿಗೆ ಹೊಸ ನಾಝಲ್ ಹಾಕಿ ಕೊಟ್ಟವನು ಮುರಳಿಯ ಮುಖ ನೋಡಿ ನಗು ನಿಲ್ಲಿಸಿದ. "ಅಮ್ಮ ಹೆಂಗವ್ರೆ?"

"ಹಂಗೇ ಅವ್ರೆ."

ಅಮ್ಜದ್ ಮತ್ತೇನೂ ಕೇಳದೆ ಇಂಜೆಕ್ಟರನ್ನು ಶುಭ್ರ ಬಟ್ಟೆಯಲ್ಲಿ ಸುತ್ತಿ ಕೊಟ್ಟ.

ಅದನ್ನು ಕೂರಿಸಿದ ಮೇಲೆ ಹೊಂಗೆಮರದ ಕೆಳಗೆ ಇಂಜಿನ್ ಹದವಾಗಿ ನಿಂತು ಓಡಿತು. ಹೊಗೆ ತಿಳಿಯಾಯಿತು. ಗಂಗುಲಪ್ಪ ಬೀಗದ ಕೈಗೆ ಕೈ ಚಾಚಿದ. ಮುರಳಿ ಕೊಡಲಿಲ್ಲ.

"ನಿಂತಲ್ಲಿ ಓಡಿದ್ರೆ ಏನೂ ಗೊತ್ತಾಗಲ್ಲ ಮಾವ. ಅವತ್ತು ಎಷ್ಟೋ ದೂರ ಓಡಿದ್ಮೇಲೇ ನಿಂತಿದ್ದು. ರಸ್ತೆಗೆ ತಗೊಂಡ್ಹೋಗಿ ಬಿಸಿ ಮಾಡಿ ನೋಡ್ಬೇಕು."

"ಖಾಲಿಯಾ? ಏನ್ಲಾ, ತಲೆ ಕೆಟ್ಟೈತಾ? ಈ ಗಾಡಿ ಖಾಲಿ ಊರಾಚೆ ಹೋದ್ರೆ ತುಂಬ್ಕೊಂಡೇ ಬರೋದು."

"ಮತ್ತೆ ಹೆಂಗ್ ಮಾವ ನೋಡೋದು?"

ಗಂಗುಲಪ್ಪ ಗಡ್ಡ ಕೆರೆದುಕೊಂಡ. "ನಮ್ಮಪ್ಪನ ಕಾಲ್ದಲ್ಲಿ ಚಟ್ಟ ಕಟ್ಟಿ ಹೆಣ ಇಲ್ದೆ ಉಳ್ಕೊಂಡ್ರೆ ಬಾಳೆದಿಂಡು ಮಲಗ್ಸಿ ತಗೊಂಡ್ಹೋಗಿ ಹೂಳ್ತಿದ್ರು. ನೀನೂ ಒಂದು ದಿಂಡಿಗೆ ಬಿಳಿ ಬಟ್ಟೆ ಸುತ್ತಿ ಮಲಗ್ಸ್ಕೊ. ಅದ್ಕೂ ಸಮಾಧಾನ, ನಮ್ಗೂ ಸಮಾಧಾನ."

ಮುರಳಿ ಮನೆಗೆ ಹೋಗಿ ರಮ್ಯಳ ಬಳಿ ಹಳೇ ಬಿಳಿ ಪಂಚೆ ಇದೆಯೇ ಎಂದು ತಗ್ಗಿದ ದನಿಯಲ್ಲಿ ಕೇಳಿದ. ನಡುಮನೆಯ ಮಂಚದಿಂದ ತಾಯಿಯ ದನಿ ಬಂತು.

"ಯಾತಕ್ಕೋ ಪಂಚೆ?"

ಅವನಿಗೆ ಸುಳ್ಳು ತಕ್ಷಣ ಹೊಳೆಯುವುದಿಲ್ಲ. ತಡವರಿಸಿ ಇದ್ದದ್ದನ್ನೇ ಹೇಳಿದ. ಆಂಜಿನಮ್ಮನ ಮುಖ ಊದಿಕೊಂಡು ಕಣ್ಣು ಎರಡು ಗೆರೆಗಳಾಗಿದ್ದವು. ಆ ಗೆರೆಗಳಲ್ಲೇ ಅವಳು ನಕ್ಕಳು.

"ಬಾಳೆದಿಂಡ್ಯಾಕೆ ನಾಯ್ನಾ, ನಾನಿಲ್ವಾ? ನನ್ನ ಕೂರ್ಸ್ಕೊಂಡ್ಹೋಗು. ನಿಮ್ಮಪ್ಪನ ಕಲ್ಲು ನೋಡಿ ಎಷ್ಟೋ ವರ್ಷ ಆಯ್ತು. ಕಣ್ಣು ಕಾಣ್ವಾಗ್ಲೇ ಒಂದ್ಸಲ ನೋಡ್ಕೊಂಡ್ ಬಂದ್ಬಿಡ್ತೀನಿ."

"ಅಮ್ಮಾ, ಆ ಗಾಡೀಲಾ?"

"ಹಿಂದೆ ಮಲಗೋಕೆ ಇನ್ನೂ ಟೈಮೈತೆ. ಈಗ ಮುಂದೆ ಕೂತ್ಕೊತೀನಿ. ಡ್ರೈವರ್ ಕೂರಲ್ವಾ, ಅವ್ನೇನು ಸತ್ತೋಗ್ತಾನಾ?"

ರಮ್ಯ ಬೇಡವೆಂದಳು. ಗಂಗುಲಪ್ಪ ಬೇಡವೆಂದ, ಮತ್ತೆ ಆಂಜಿನಮ್ಮನ ಮುಖ ನೋಡಿ ಸುಮ್ಮನಾದ. ಕೊನೆಗೆ ಗಂಗುಲಪ್ಪನೇ ಅವಳನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟ. "ಹಗುರ ಆಗ್ಬಿಟ್ಟಿದ್ದೀಯ ಕಣಮ್ಮಾ," ಎಂದವನು ಆಡಿದ ಮಾತಿಗೆ ತಾನೇ ಬೇಜಾರಾಗಿ ಆಚೆ ತಿರುಗಿಕೊಂಡ.

ಗಾಡಿ ಊರು ಬಿಟ್ಟಿತು. ಆಂಜಿನಮ್ಮ ಟೊಮೇಟೊ ತೋಟಗಳನ್ನು, ಒಣಗಿದ ಕೆರೆಯಂಗಳವನ್ನು, ಕಲ್ಲುಗುಡ್ಡಗಳನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಎದುರಿಗೆ ಬಂದವರು ಗಾಡಿಯ ಮೇಲಿನ ಅಕ್ಷರ ಓದಿ ಬೈಕ್ ನಿಧಾನ ಮಾಡಿ ತಲೆ ತಗ್ಗಿಸಿದರು. ಒಬ್ಬ ಮುದುಕ ಚಪ್ಪಲಿ ಬಿಟ್ಟು ಕೈಮುಗಿದ. ಆಂಜಿನಮ್ಮ ಅವನಿಗೆ ತಿರುಗಿ ಕೈಮುಗಿದಳು. ಮುದುಕ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ.

"ನೋಡೋ, ಬದುಕಿದ್ದಾಗ ಒಬ್ರೂ ಹಿಂಗ್ ಕೈ ಮುಗೀಲಿಲ್ಲ," ಎಂದಳು.

ಮುರಳಿ ನಗಲಿಲ್ಲ. ಅವನ ಕಿವಿಯೆಲ್ಲ ಇಂಜಿನ್ನಿನ ಮೇಲಿತ್ತು. ಮುಳಬಾಗಿಲು ದಾಟಿ ಶ್ರೀನಿವಾಸಪುರದ ರಸ್ತೆ ಹಿಡಿಯುವವರೆಗೂ ಎಲ್ಲ ಸರಿಯಿತ್ತು. ಮಾವಿನ ತೋಪುಗಳು ಶುರುವಾಗುವ ಕಡೆ ಒಂದು ಏರಿನಲ್ಲಿ ಇಂಜಿನ್ ಒಮ್ಮೆ ಬಿಕ್ಕಿತು. ಅವನು ಗೇರ್ ಇಳಿಸಿದ. ಮತ್ತೆ ಬಿಕ್ಕಿತು, ಮುಗ್ಗರಿಸಿತು, ಅದೇ ಹಳೆಯ ಚಳಿಜ್ವರದ ನಡುಕ ಬಂದು, ಏರು ಮುಗಿಯುವ ಮುಂಚೆಯೇ ನಿಂತುಬಿಟ್ಟಿತು.

ಅವನು ಚಕ್ರಕ್ಕೆ ಕಲ್ಲು ಕೊಟ್ಟು ಬಾನೆಟ್ ಎತ್ತಿದ. ಇಂಜೆಕ್ಟರ್ ತಾನೇ ಸರಿಯಾಗಿ ಕೂರಿಸಿಲ್ಲವೇನೋ ಎಂದುಕೊಂಡ. ಅದು ಬಿಗಿಯಾಗಿಯೇ ಇತ್ತು. ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದರೆ ಡೀಸೆಲ್ ಬರಲಿಲ್ಲ. ಟ್ಯಾಂಕಿನ ತುಂಬ ಇದ್ದ ಡೀಸೆಲ್ಲನ್ನು ಯಾರೋ ಒಳಗಿನಿಂದ ಹಿಡಿದೆಳೆಯುತ್ತಿದ್ದಂತೆ ಪಂಪು ಬಿಗಿಯಾಗಿ ನಿಂತಿತು. ಎಲ್ಲಿಯೋ ಪೈಪು ಮುಚ್ಚಿದೆ ಎಂದು ಟ್ಯಾಂಕಿನ ಬಳಿ ಹೋಗಿ ಮುಚ್ಚಳ ತಿರುಗಿಸಿದ.

ಉಸ್ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು.

ಅವನು ಮುಚ್ಚಳ ಹಿಡಿದುಕೊಂಡು ಅಲ್ಲೇ ನಿಂತ. ಡೀಸೆಲ್ ಖರ್ಚಾದಷ್ಟೂ ಟ್ಯಾಂಕಿನೊಳಗೆ ಗಾಳಿ ಹೋಗಬೇಕು. ಅದಕ್ಕೆಂದೇ ಮುಚ್ಚಳದ ನಡುವೆ ಸೂಜಿಮೊನೆಯಷ್ಟು ತೂತು ಇರುತ್ತದೆ. ಅರಿಶಿನ, ವಿಭೂತಿಯ ಹಕ್ಕಳೆ ಆ ತೂತನ್ನು ಸಿಮೆಂಟಿನಂತೆ ಮುಚ್ಚಿತ್ತು. ಒಳಗೆ ಗಾಳಿಯಿಲ್ಲದೆ, ಸ್ವಲ್ಪ ದೂರ ಓಡಿದ ಮೇಲೆ ಡೀಸೆಲ್ ಬರುವುದೇ ನಿಲ್ಲುತ್ತಿತ್ತು. ನಿಂತಲ್ಲೇ ಓಡಿಸಿದ್ದರೆ ಎಂದಿಗೂ ತಿಳಿಯುತ್ತಿರಲಿಲ್ಲ. ತುಳಸಮ್ಮನನ್ನು ಬಿಸಿಲಿನಲ್ಲಿ ನಿಲ್ಲಿಸಿದ್ದು ಇದೇ. ನೀರೂ ಅಲ್ಲ, ಇಂಜೆಕ್ಟರೂ ಅಲ್ಲ. ಅವೆಲ್ಲ ಆಮೇಲೆ, ನಿಂತು ನಿಂತು ಆದವು. ಕೈಯಲ್ಲೇ ಹಿಡಿದಿದ್ದೆನಲ್ಲ, ದೇವರ ಗುರುತು ಅಂತ ಬಿಟ್ಟೆನಲ್ಲ ಎಂದು ಅವನು ತನ್ನನ್ನು ಬೈದುಕೊಂಡ. ಹಾಗೆ ಬೈದುಕೊಳ್ಳುತ್ತಲೇ, ಸಿಕ್ಕಿತಲ್ಲ ಎಂದು ಎದೆ ಹಗುರಾಗಿ ಕಿಟಕಿಯ ಬಳಿಗೆ ಓಡಿದ.

"ಅಮ್ಮಾ, ಒಂದು ಪಿನ್ನು ಇದ್ರೆ ಕೊಡಮ್ಮ. ಸಿಕ್ಕೋಯ್ತು! ಯಾರೋ ಪುಣ್ಯಾತ್ಮರು ಮುಚ್ಚಳಕ್ಕೆ ಅರಿಶಿನ ವಿಭೂತಿ ಮೆತ್ತಿ ಗಾಳಿ ತೂತನ್ನೇ ಮುಚ್ಚಿಬಿಟ್ಟವ್ರೆ."

ಆಂಜಿನಮ್ಮ ರವಿಕೆಯಿಂದ ಪಿನ್ನು ತೆಗೆದು ಚಾಚಿದ ಕೈ ಹಾಗೇ ನಿಂತಿತು.

"ಆ ದುಂಡ ಮುಚ್ಚಳಕ್ಕಾ?"

"ಹೂಂ."

"ನಾನೇ ಕಣೋ ಇಟ್ಟಿದ್ದು."

ಅವನಿಗೆ ಅರ್ಥವಾಗಲಿಲ್ಲ.

"ಆಯುಧಪೂಜೆ ದಿನ ಎಲ್ರೂ ಅವರವರ ಗಾಡಿಗೆ ಪೂಜೆ ಮಾಡ್ತಾರೆ. ಇದನ್ನ ಯಾರೂ ಮುಟ್ಟಲ್ಲ. ಮುತ್ತೈದೇರಂತೂ ಈ ಕಡೆ ಬರೋದೇ ಇಲ್ಲ. ಪಾಪ, ಅದೂ ದುಡಿಯೋ ಗಾಡಿನೇ ಅಲ್ವಾ ಅಂತ ನಾನೇ ವರ್ಷ ವರ್ಷ ಹೋಗಿ ಇಡ್ತಿದ್ದೆ. ನೀನು ಶೆಡ್ಡಿನ ಪೂಜೇಲಿ ಇರ್ತಿದ್ದೆ. ಮುಂದ್ಗಡೆ ಗಾಜು, ಎಲ್ಲಿ ಇಡೋದು? ಅದೊಂದು ಹಣೆ ಹಂಗೆ ದುಂಡಗಿತ್ತು. ಅಲ್ಲಿಟ್ಟೆ. ಮಳೆಗೆ ಹೋಗ್ಬಾರ್ದು ಅಂತ ದಪ್ಪಗೆ ಕಲಸಿ ಇಡ್ತಿದ್ದೆ."

ರಸ್ತೆಯಲ್ಲಿ ಒಂದು ಬಸ್ಸು ಹಾದುಹೋಯಿತು. ಅದರ ಧೂಳು ಇಳಿದ ಮೇಲೆ ಆಂಜಿನಮ್ಮ ಕೇಳಿದಳು.

"ಅವತ್ತು ತುಳಸೀನ ತರ್ತಿದ್ದಾಗ ನಿಂತಿದ್ದೂ ಇದ್ರಿಂದ್ಲೇನಾ?"

ಅಲ್ಲ ಎನ್ನಬಹುದಿತ್ತು. ಡೀಸೆಲ್ಲಿನಲ್ಲಿ ನೀರಿತ್ತಮ್ಮ, ಅದು ಬೇರೆ ಎನ್ನಬಹುದಿತ್ತು. ಬೇರೆ ಯಾವ ಮಗನಾದರೂ ಉಸಿರು ತೆಗೆದುಕೊಳ್ಳುವ ಮುಂಚೆ ಹೇಳಿಬಿಡುತ್ತಿದ್ದ. ಮುರಳಿ ಖಚಿತವಾಗಿ ಗೊತ್ತಿಲ್ಲದ್ದನ್ನು ಗೊತ್ತು ಎಂದು, ಗೊತ್ತಿರುವುದನ್ನು ಗೊತ್ತಿಲ್ಲ ಎಂದು ಹೇಳಿ ಅಭ್ಯಾಸವಿಲ್ಲದವನು. ಬಾಯಿ ತೆರೆದು ಮುಚ್ಚಿದ. ಆಮೇಲೆ, "ಇರಬಹುದಮ್ಮಾ. ಹೇಳಕ್ಕಾಗಲ್ಲ," ಎಂದ. ಅಷ್ಟರಲ್ಲಿ ಅವನ ಮೌನ ಹೇಳಬೇಕಾದದ್ದನ್ನೆಲ್ಲ ಹೇಳಿ ಆಗಿತ್ತು.

ಅವಳು ಪಿನ್ನು ಕೊಟ್ಟಳು. ಅವನು ತೂತು ಬಿಡಿಸಿದ. ಹಳದಿ ಪುಡಿ ರಸ್ತೆಗೆ ಉದುರಿತು. ಕೈಪಂಪು ಒತ್ತಿ ಡೀಸೆಲ್ ಬಂದ ಮೇಲೆ ಫಿಲ್ಟರಿನ ಸ್ಕ್ರೂ ಬಿಗಿ ಮಾಡಿದ. ಇಂಜಿನ್ ಒಂದೇ ಸುತ್ತಿಗೆ ಎದ್ದಿತು, ಏರು ಹತ್ತಿತು. ಎಲ್ಲೂ ಬಿಕ್ಕಲಿಲ್ಲ.

ತೋಪು ಸಿಕ್ಕಿತು. ಬೇಲಿಯಾಚೆ, ಹೂ ಉದುರಿ ಮಿಡಿ ಕಟ್ಟಿದ್ದ ಮರಗಳ ಕೆಳಗೆ ಅಪ್ಪನ ತಲೆಗಲ್ಲು ಕಾಣುತ್ತಿತ್ತು. ಪಕ್ಕದಲ್ಲಿ ಒಂದು ಆಳಿನ ಜಾಗ ಹುಲ್ಲು ಬೆಳೆದು ಹಾಗೇ ಇತ್ತು. ಮುರಳಿ ಇಳಿಸಿಕೊಳ್ಳಲು ಬಾಗಿಲು ತೆಗೆದ. ಆಂಜಿನಮ್ಮ ಇಳಿಯಲಿಲ್ಲ.

ಸೀಟಿನಲ್ಲೇ ಕೂತು ಕಲ್ಲಿನ ಕಡೆ ನೋಡಿ, ಎದುರುಮನೆಯವರನ್ನು ಮಾತಾಡಿಸುವಂತೆ ಹೇಳಿದಳು: "ಬರ್ತೀನಿ ಅಂದಿದ್ದೆ ಕಣಯ್ಯಾ. ಬರಕ್ಕಾಗಲ್ಲ. ತಪ್ಪು ತಿಳ್ಕೊಬೇಡ."

"ಅಮ್ಮಾ, ಏನಂತ ಮಾತಾಡ್ತೀಯ? ಗಾಡಿ ಸರಿಯಾಗೈತೆ. ಇನ್ನ ನಿಲ್ಲಲ್ಲ. ನಾನು ಹೇಳ್ತೀನಲ್ಲ."

"ನೀನು ಸರಿಯಾಗೇ ಮಾಡಿದ್ದೀಯ ನಾಯ್ನಾ. ನನ್ಗೆ ಗೊತ್ತು." ಅವಳು ಅವನ ಗ್ರೀಸು ಮೆತ್ತಿದ ಕೈಯನ್ನು ಸೀರೆ ಸೆರಗಿನಿಂದ ಒರೆಸಿದಳು. "ಅವಳ ಮುಖಾನೂ ಯಾರಿಗೂ ತೋರಿಸಕ್ಕಾಗ್ದಂಗೆ ಮಾಡ್ಬಿಟ್ಟು, ನಾನು ಅದೇ ಗಾಡೀಲಿ ಮಹಾರಾಣಿ ಹಂಗೆ ಗಂಡನ ಹತ್ರ ಬರ್ಲಾ? ಬೇಡ. ಕೆರೆ ಕೆಳಗೆ ತುಳಸಿ ಇರೋ ಕಡೇನೇ ನನ್ನೂ ಮಡಗ್ರಿ. ಎತ್ಕೊಂಡು ಹೋಗೋ ಅಷ್ಟೇ ದೂರ."

"ಗೊತ್ತಿದ್ದು ಮಾಡಿದ್ದಾ? ಪೂಜೆ ಮಾಡಿದ್ದಲ್ವಾ?"

"ಗೊತ್ತಿಲ್ದೆ ಮಾಡಿದ್ರೆ ಅವಳಿಗೆ ಬಿಸ್ಲು ಕಮ್ಮಿ ಆಯ್ತೇನೋ?"

ವಾಪಸ್ಸು ದಾರಿಯುದ್ದಕ್ಕೂ ಅವನು ಬೇರೆ ಬೇರೆ ರೀತಿಯಲ್ಲಿ ಮಾತು ಜೋಡಿಸಿ ನೋಡಿದ. ತೂತು ಹೋದ ವರ್ಷ ಮುಚ್ಚಿರಲಿಕ್ಕಿಲ್ಲ, ಡ್ರೈವರ್ ನೋಡಿಕೊಳ್ಳಬೇಕಿತ್ತು, ಮೆಕ್ಯಾನಿಕ್ ಆದ ನಾನೇ ನೋಡಬೇಕಿತ್ತು. ಅವುಗಳಲ್ಲಿ ಕೆಲವು ನಿಜವೇ. ಯಾವುದೂ ಉಪಯೋಗಕ್ಕೆ ಬರುವಂಥದ್ದಲ್ಲ. ಆಂಜಿನಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಮುಳಬಾಗಿಲು ದಾಟಿದ ಮೇಲೆ ಒಂದೇ ಮಾತು ಆಡಿದಳು: "ಚನ್ನರಾಯಪ್ಪಂಗೆ ನಾನೇ ಹೇಳ್ತೀನಿ. ನೀನು ಬಾಯಿ ಬಿಡ್ಬೇಡ."

ಹೊಂಗೆಮರದ ಕೆಳಗೆ ಗಂಗುಲಪ್ಪ ಕಾಯುತ್ತಿದ್ದ. ರಮ್ಯಳೂ ಇದ್ದಳು. ಇಬ್ಬರೂ ಸೇರಿ ಆಂಜಿನಮ್ಮನನ್ನು ಇಳಿಸಿಕೊಂಡರು.

"ಹೆಂಗೈತ್ಲಾ ಗಾಡಿ?" ಗಂಗುಲಪ್ಪ ಕೇಳಿದ.

"ಚೆನ್ನಾಗೈತೆ ಮಾವ."

"ನಿಲ್ಲಲ್ವಾ?"

"ನಿಲ್ಲಲ್ಲ."

"ಅಬ್ಬಾ! ಇನ್ನ ಆಂಜಿನಮ್ಮ ಧೈರ್ಯವಾಗಿ..." ಎಂದು ಶುರು ಮಾಡಿ ಗಂಗುಲಪ್ಪ ನಾಲಿಗೆ ಕಚ್ಚಿಕೊಂಡ.

ಆಂಜಿನಮ್ಮ ಅವನ ತೋಳು ಹಿಡಿದುಕೊಂಡೇ ಹೇಳಿದಳು. "ಗಂಗುಲಪ್ಪಾ, ಮೊದ್ಲು ಚನ್ನರಾಯಪ್ಪನ ಮನೆ ಹತ್ರ ಬಿಡು ನನ್ನ. ಆಮೇಲೆ ಕೆರೆ ಕೆಳಗೆ ನಂಗೊಂದು ಜಾಗ ನೋಡು." ಗಂಗುಲಪ್ಪ ಮುರಳಿಯ ಕಡೆ ನೋಡಿದ. ಮುರಳಿ ತಲೆ ಎತ್ತಲಿಲ್ಲ. ಅವರು ಮೂವರೂ ನಿಧಾನವಾಗಿ, ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತ, ಬೀದಿಯಲ್ಲಿ ಹೋದರು.

ಮುರಳಿ ಇಂಜಿನ್ ಆರಿಸಿರಲಿಲ್ಲ. ಬಾನೆಟ್ ಎತ್ತಿ ಬಗ್ಗಿ ಕೇಳಿದ. ನಾಲ್ಕೂ ಸಿಲಿಂಡರು ಒಂದರ ಹಿಂದೊಂದು, ಎಲ್ಲೂ ಎಡವದೆ ಓಡುತ್ತಿದ್ದವು. ಎಂದೂ ತನ್ನ ಕೆಲಸದಲ್ಲಿ ತಪ್ಪಿಲ್ಲ ಎಂದು ನಂಬಿದವನಲ್ಲ ಅವನು. ಇವತ್ತು ಒಂದು ತಪ್ಪು ಸಿಕ್ಕರೆ ಸಾಕು, ಗಾಡಿ ನಿಂತದ್ದಕ್ಕೆ ಬೇರೆಯೇ ಕಾರಣವಿತ್ತಮ್ಮ ಎಂದು ಓಡಿಹೋಗಿ ಹೇಳಬಹುದಿತ್ತು. ಅಕ್ಕಪಕ್ಕದ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು. ಅವನು ಕಿವಿಯನ್ನು ಇನ್ನಷ್ಟು ಹತ್ತಿರ ತಂದು ಕೇಳುತ್ತಲೇ ಇದ್ದ.